ಅನ್ನದ ಶಾಖ ಅಳೆದ ಆಟ್‌ವಾಟರ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಅಷ್ಟರಲ್ಲಿ ಬಸವಣ್ಣನವರು, ಗಾಂಧೀಜಿ, ಅಂಬೇಡ್ಕರರು, ವಿಶ್ವೇಶ್ವರಯ್ಯನವರು ಬೇರೆ ಬೇರೆ ಗುರುಗಳ ಪಾಲಿಗೆ ಹೋಗಿಬಿಟ್ಟಿದ್ದರು. ವಿಜ್ಞಾನದ ಮಾಸ್ತರನೆಂದು ನನಗೆ ಸಿ. ವಿ. ರಾಮನ್ ಅವರನ್ನು ಉಳಿಸಿಟ್ಟಿದ್ದರು. ರಾಮನ್ ಅವರ ಚರಿತ್ರೆ ಪಠ್ಯಪುಸ್ತಕದಲ್ಲಿಯೇ ಇದೆ, ನನಗೆ ಬೇರೊಬ್ಬರನ್ನು ಬರೆಯಲು ಬಿಡಿ ಎಂದು ಕೇಳಿಕೊಂಡೆ. ಅವರು ವಿಲ್ಬರ್ ಓಲಿನ್ ಆಟ್‌ವಾಟರ್. ಆಹಾರ ವಿಜ್ಞಾನ ಓದಿದವರಿಗೆಲ್ಲ ಗೊತ್ತಿರುವ ಹೆಸರು; ನಮ್ಮ ಶಾಲೆಯ ಯಾವ ಗೋಡೆಯ ಮೇಲೂ ಅವರ ಭಾವಚಿತ್ರವಿಲ್ಲ. ಆದರೆ ಮಕ್ಕಳು ಮಧ್ಯಾಹ್ನ ತಿಂದು ಎಸೆಯುವ ಬಿಸ್ಕೀಟಿನ ಪುಡಿಕೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಶಕ್ತಿ ಇಷ್ಟು ಎಂದು ಅಚ್ಚಾಗಿರುತ್ತದಲ್ಲ, ಆ ಲೆಕ್ಕದ ಬೇರು ಅವರದು.

ಅವರನ್ನೇ ಆರಿಸಿಕೊಳ್ಳಲು ನನಗೆ ಎರಡು ಕಾರಣಗಳಿವೆ. ಒಂದು ಶೇಂಗಾ ಕಾಳು, ಇನ್ನೊಂದು ನನ್ನ ಹೊಟ್ಟೆ.

ಶೇಂಗಾದ ಕಥೆ ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಒಂಬತ್ತನೆಯ ತರಗತಿಗೆ ನಾನು ಪ್ರತಿವರ್ಷ ಮಾಡಿ ತೋರಿಸುತ್ತಿದ್ದ ಪ್ರಯೋಗವದು. ಅರ್ಧ ಗ್ರಾಂ ತೂಗುವ ಒಂದು ಕಾಳನ್ನು ಸೂಜಿಗೆ ಚುಚ್ಚಿ, ಕಡ್ಡಿ ಗೀರಿ ಹೊತ್ತಿಸಿ, 20 ಮಿಲಿಲೀಟರ್ ನೀರು ತುಂಬಿದ ಪ್ರನಾಳದ ಕೆಳಗೆ ಹಿಡಿಯುವುದು. ಕಾಳು ದೀಪದ ಬತ್ತಿಯಂತೆ ಉರಿಯುತ್ತದೆ. 28 ಡಿಗ್ರಿ ಇದ್ದ ನೀರು 62ಕ್ಕೆ ಏರಿತೆಂದು ಇಟ್ಟುಕೊಳ್ಳಿ. 34 ಡಿಗ್ರಿಯನ್ನು 20ರಿಂದ ಗುಣಿಸಿದರೆ 680 ಸಣ್ಣ ಕ್ಯಾಲೊರಿ, ಅಂದರೆ ದೊಡ್ಡ ಕ್ಯಾಲೊರಿ ಒಂದಕ್ಕೂ ಕಡಿಮೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡುವ ಶಾಖವೇ ಒಂದು ದೊಡ್ಡ ಕ್ಯಾಲೊರಿ. ಆಹಾರದ ಮಾತಿನಲ್ಲಿ ಕ್ಯಾಲೊರಿ ಎಂದರೆ ಅದೇ, ಈ ಲೇಖನದಲ್ಲಿಯೂ ಮುಂದೆ ಅದೇ. ಪುಸ್ತಕದಲ್ಲಿ ನೋಡಿದರೆ ಅರ್ಧ ಗ್ರಾಂ ಶೇಂಗಾಕ್ಕೆ ಸುಮಾರು 2.8 ಕ್ಯಾಲೊರಿ ಇರಬೇಕು. ನಮಗೆ ಸಿಕ್ಕಿದ್ದು ಅದರ ಕಾಲು ಭಾಗ. ಉಳಿದದ್ದು ಕಿಟಕಿಯ ಗಾಳಿಗೆ, ಪ್ರನಾಳದ ಗಾಜಿಗೆ, ನನ್ನ ಬೆರಳಿಗೆ ಹೋಯಿತು.

ಒಂದು ವರ್ಷ ತಾಂಡಾದಿಂದ ಬರುತ್ತಿದ್ದ ಒಬ್ಬ ಹುಡುಗ ಹಿಂದಿನ ಬೆಂಚಿನಿಂದ ಎದ್ದು ನಿಂತು ಕೇಳಿದ. ನಾವು ತಿಂದ ಶೇಂಗಾ ಹೊಟ್ಟೆಯೊಳಗೆ ಹೀಗೆಯೇ ಉರಿಯುವುದಾದರೆ ಅದರ ಹೊಗೆ ಎಲ್ಲಿ ಹೋಗುತ್ತದೆ ಎಂದು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು ಮುಂದಿನ ಪಾಠಕ್ಕೆ ಹೋದೆ. ಆ ಪ್ರಶ್ನೆಗೆ ಉತ್ತರ ಹುಡುಕಲು ಒಬ್ಬ ಮನುಷ್ಯ ನೂರು ವರ್ಷಕ್ಕೂ ಹಿಂದೆ ಜೀವಂತ ಮನುಷ್ಯರನ್ನೇ ಒಂದು ಪೆಟ್ಟಿಗೆಯಲ್ಲಿ ಕೂರಿಸಿದ್ದನೆಂದು ನನಗೆ ಆಗ ಗೊತ್ತಿರಲಿಲ್ಲ.

ಆಟ್‌ವಾಟರ್ ಹುಟ್ಟಿದ್ದು 1844ರ ಮೇ 3ರಂದು, ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಜಾನ್ಸ್‌ಬರ್ಗ್ ಎಂಬ ಊರಿನಲ್ಲಿ. ತಂದೆ ಮೆಥಡಿಸ್ಟ್ ಪಂಥದ ಪಾದ್ರಿ. ಮಗ ಕನೆಕ್ಟಿಕಟ್ ಸಂಸ್ಥಾನದ ಮಿಡಲ್‌ಟೌನ್ ಊರಿನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ 1865ರಲ್ಲಿ ಪದವಿ ಪಡೆದರು. ಅವರ ದೇಶದ ಒಳಯುದ್ಧ ಮುಗಿದ ವರ್ಷವದು. ಮೂರು ವರ್ಷ ಶಾಲಾ ಮಾಸ್ತರಿಕೆ ಮಾಡಿ, ಆಮೇಲೆ ಯೇಲ್‌ಗೆ ಹೋಗಿ 1869ರಲ್ಲಿ ಡಾಕ್ಟರೇಟ್ ಪಡೆದರು. ವಿಷಯ ಏನೆಂದು ಬಲ್ಲಿರಾ? ಗೋವಿನಜೋಳ. ಅಮೆರಿಕದ ಬೇರೆ ಬೇರೆ ತಳಿಯ ಗೋವಿನಜೋಳದಲ್ಲಿ ಏನೇನು ಎಷ್ಟೆಷ್ಟಿದೆ ಎಂಬ ರಾಸಾಯನಿಕ ವಿಶ್ಲೇಷಣೆ. ಜೋಳ ತಿಂದು ಬೆಳೆದ ನಮ್ಮ ಕಡೆಯವರಿಗೆ ಇದು ಹತ್ತಿರದ ಸಂಗತಿಯೆನಿಸಬೇಕು.

ಅಲ್ಲಿಂದ ಜರ್ಮನಿಯ ಲೈಪ್ಸಿಗ್ ಮತ್ತು ಬರ್ಲಿನ್‌ಗಳಲ್ಲಿ ಎರಡು ವರ್ಷ ಓದಿದರು. ಜರ್ಮನಿಯಲ್ಲಿ ಸರ್ಕಾರವೇ ಕೃಷಿ ಪ್ರಯೋಗ ಕೇಂದ್ರಗಳನ್ನು ನಡೆಸುತ್ತಿತ್ತು. ಅದನ್ನು ಕಣ್ಣಾರೆ ಕಂಡು ಬಂದವರು 1873ರಲ್ಲಿ ವೆಸ್ಲಿಯನ್‌ನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು, ಎರಡೇ ವರ್ಷಕ್ಕೆ ಅಮೆರಿಕದ ಮೊಟ್ಟಮೊದಲ ಕೃಷಿ ಪ್ರಯೋಗ ಕೇಂದ್ರ ಮಿಡಲ್‌ಟೌನ್‌ನಲ್ಲಿ ಆರಂಭವಾಗುವಂತೆ ಮಾಡಿದರು. ಮಣ್ಣು, ಗೊಬ್ಬರ, ದನದ ಮೇವು, ಇವುಗಳ ಲೆಕ್ಕ ಮೊದಲು. ದನಕ್ಕೆ ಎಷ್ಟು ಮೇವು ಹಾಕಿದರೆ ಎಷ್ಟು ಹಾಲು ಎಂದು ರೈತ ಲೆಕ್ಕ ಹಾಕುತ್ತಾನೆ, ತನ್ನ ಮನೆಯ ಮಕ್ಕಳ ಊಟದ ಲೆಕ್ಕ ಯಾರ ಬಳಿಯೂ ಇಲ್ಲ ಎಂಬುದು ಅವರನ್ನು ಕಾಡಿತು. 1882ರಲ್ಲಿ ಮತ್ತೆ ಜರ್ಮನಿಗೆ, ಈ ಸಲ ಮ್ಯೂನಿಕ್‌ನ ಕಾರ್ಲ್ ಫಾಯ್ಟ್ ಅವರ ಪ್ರಯೋಗಶಾಲೆಗೆ ಹೋದರು. ಫಾಯ್ಟ್ ಅವರ ಶಿಷ್ಯ ಮ್ಯಾಕ್ಸ್ ರುಬ್ನರ್ ಅಲ್ಲಿ ಪ್ರೋಟೀನು, ಕೊಬ್ಬು, ಶರ್ಕರಪಿಷ್ಟಗಳು ದೇಹದಲ್ಲಿ ಕೊಡುವ ಶಾಖವನ್ನು ಅಳೆಯುತ್ತಿದ್ದರು. ಆ ವಿದ್ಯೆಯನ್ನು ಹೊತ್ತು ತಂದವರು 1887ರಿಂದ ಒಂದು ಜನಪ್ರಿಯ ಮಾಸಪತ್ರಿಕೆಯಲ್ಲಿ ಆಹಾರದ ಬಗ್ಗೆ ಸಾಲು ಲೇಖನ ಬರೆದರು. ಕ್ಯಾಲೊರಿ ಎಂಬ ಮಾತು ಅಮೆರಿಕದ ಸಾಮಾನ್ಯ ಓದುಗರ ಕಿವಿಗೆ ಬಿದ್ದದ್ದು ಹಾಗೆ. ಮಾತು ಫ್ರಾನ್ಸಿನದು, ಉಗಿಯಂತ್ರದ ಪಾಠ ಹೇಳುವವರು ಬಳಸುತ್ತಿದ್ದದ್ದು.

ಈಗ ಪೆಟ್ಟಿಗೆಯ ಕಥೆಗೆ ಬರುತ್ತೇನೆ. 1892ರಲ್ಲಿ ಭೌತವಿಜ್ಞಾನಿ ಎಡ್ವರ್ಡ್ ರೋಸಾ ಅವರ ಜೊತೆ ಸೇರಿ ಆಟ್‌ವಾಟರ್ ಅದನ್ನು ಕಟ್ಟತೊಡಗಿದರು. ಮುಗಿದು ನಂಬಿಕೆಗೆ ಬರಲು ಸುಮಾರು ಐದು ವರ್ಷ ಹಿಡಿಯಿತು. ವಿಶ್ವವಿದ್ಯಾಲಯದ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಸುಮಾರು 7 ಅಡಿ ಉದ್ದ, 4 ಅಡಿ ಅಗಲ, ಆಳೆತ್ತರಕ್ಕಿಂತ ತುಸು ಹೆಚ್ಚು ಎತ್ತರದ ಕೋಣೆ. ನಮ್ಮ ಶಾಲೆಯ ಕ್ರೀಡಾಸಾಮಗ್ರಿ ಇಡುವ ಕೋಣೆಗಿಂತ ಚಿಕ್ಕದು. ಗೋಡೆ ತಾಮ್ರದ್ದು, ಅದರ ಹೊರಗೆ ಸತುವಿನದು, ಅದರ ಹೊರಗೆ ಕಟ್ಟಿಗೆಯದು, ನಡುನಡುವೆ ಗಾಳಿಯ ಪದರ. ಒಳಗೆ ಮಡಚುವ ಮಂಚ, ಮಡಚುವ ಕುರ್ಚಿ, ಮಡಚುವ ಮೇಜು, ಒಂದು ಟೆಲಿಫೋನು. ಅದರೊಳಗೆ ಒಬ್ಬ ಮನುಷ್ಯ, ಹೆಚ್ಚಾಗಿ ವಿದ್ಯಾರ್ಥಿ ಇಲ್ಲವೇ ಪ್ರಯೋಗಶಾಲೆಯ ಸಹಾಯಕ, ಒಮ್ಮೆ ಹೊಕ್ಕರೆ ಹಲವು ದಿನ ಅಲ್ಲಿಯೇ ಇರುವುದು.

ಅವನಿಗೆ ಕೊಡುವ ಪ್ರತಿ ತುತ್ತನ್ನೂ ತೂಗಿ, ಅದರದೇ ಒಂದು ಪಾಲನ್ನು ಹೊರಗೆ ಉಕ್ಕಿನ ಪಾತ್ರೆಯಲ್ಲಿ ಆಮ್ಲಜನಕ ತುಂಬಿ ಸುಟ್ಟು ಶಾಖ ಅಳೆಯುತ್ತಿದ್ದರು. ನನ್ನ ಸೂಜಿಯ ಶೇಂಗಾದಂತೆ ಗಾಳಿಗೆ ಸೋರುವ ಮಾತೇ ಇಲ್ಲ. ಊಟ ಒಂದು ಕಿಂಡಿಯಿಂದ ಒಳಗೆ ಹೋಗುತ್ತಿತ್ತು, ಮಲಮೂತ್ರ ಅದೇ ರೀತಿ ಹೊರಗೆ ಬಂದು ತಕ್ಕಡಿಗೆ ಏರುತ್ತಿತ್ತು. ಕೋಣೆಯೊಳಗೆ ಕೊಳವೆಗಳಲ್ಲಿ ತಣ್ಣೀರು ಹರಿಯುತ್ತ ಮೈಯ ಶಾಖವನ್ನು ಹೀರಿಕೊಂಡು ಹೊರಬರುತ್ತಿತ್ತು, ಎಷ್ಟು ನೀರು ಎಷ್ಟು ಬಿಸಿಯಾಯಿತೆಂದರೆ ಅದೇ ಆ ಮನುಷ್ಯನ ಶಾಖ. ಒಳಗಿನ ಗಾಳಿಯನ್ನು ಹೊರಗೆಳೆದು ಅದರಲ್ಲಿರುವ ಇಂಗಾಲದ ಡೈಆಕ್ಸೈಡನ್ನೂ ನೀರಾವಿಯನ್ನೂ ತೂಗುತ್ತಿದ್ದರು. ಅಂದರೆ ತಾಂಡಾದ ಹುಡುಗ ಕೇಳಿದ ಹೊಗೆ ಅದೇ: ನಾವು ಬಿಡುವ ಉಸಿರು. ಮೈಯ ಕೊಬ್ಬು ಕರಗಿದಾಗಲೂ ಅಷ್ಟೆ, ಹತ್ತು ಕಿಲೋ ಕೊಬ್ಬು ಪೂರ್ತಿ ಉರಿದರೆ 8.4 ಕಿಲೋ ಉಸಿರಿನ ಇಂಗಾಲದ ಡೈಆಕ್ಸೈಡಾಗಿ, 1.6 ಕಿಲೋ ನೀರಾಗಿ ಹೋಗುತ್ತದೆ. ಬೆವರಿನಲ್ಲಿ ಕೊಬ್ಬು ಹರಿದುಹೋಗುತ್ತದೆಂದು ತಿಳಿದು ಮೇ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು ಅಪ್ಪನ ಕೆರೆ ಸುತ್ತುವ ನನ್ನ ಒಬ್ಬ ಗೆಳೆಯರು ಇದನ್ನು ಓದಲಿ ಎಂದು ಹೇಳಿದೆ.

ಕೆಲವರು ಆ ಪೆಟ್ಟಿಗೆಯಲ್ಲಿ ಸುಮ್ಮನೆ ಮಲಗಿದರು, ಕೆಲವರು ನಿಂತಲ್ಲೇ ನಿಂತ ಸೈಕಲ್ ತುಳಿದರು. ಫಲಿತಾಂಶ: ಒಳಗೆ ಹೋದ ಶಕ್ತಿಗೂ ಹೊರಗೆ ಬಂದ ಶಕ್ತಿಗೂ ವ್ಯತ್ಯಾಸ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಶಕ್ತಿಯನ್ನು ಸೃಷ್ಟಿಸಲಾಗದು, ನಾಶ ಮಾಡಲಾಗದು ಎಂಬ ನಿಯಮವನ್ನು ನಾವು ಕಪ್ಪುಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುತ್ತೇವೆ. ಅದು ಉಸಿರಾಡುವ ಮನುಷ್ಯನಿಗೂ ಅನ್ವಯಿಸುತ್ತದೆಂದು ಅಷ್ಟು ಕಟ್ಟುನಿಟ್ಟಾಗಿ ತೂಗಿ ತೋರಿಸಿದ್ದು ಅಲ್ಲಿ. ದಿನಕ್ಕೆ 2,000 ಕ್ಯಾಲೊರಿ ಖರ್ಚು ಮಾಡುವ ಮನುಷ್ಯ ಹೆಚ್ಚುಕಡಿಮೆ ಒಂದು 100 ವಾಟ್ ಬಲ್ಬಿನಷ್ಟು ಶಾಖ ಬಿಡುತ್ತಾನೆ. ಐವತ್ತು ಮಕ್ಕಳ ತರಗತಿ ಬೇಸಿಗೆಯಲ್ಲಿ ಯಾಕೆ ಕುಲುಮೆಯಾಗುತ್ತದೆಂದು ಈಗ ತಿಳಿಯಿತಲ್ಲ. ಇನ್ನೊಂದು ಸಂಗತಿ ವಿದ್ಯಾರ್ಥಿಗಳಿಗೆ ಬೇಸರ ತರಿಸಬಹುದು. ಬರೀ ತಲೆಗೆಲಸದಿಂದ ಖರ್ಚು ಹೇಳಿಕೊಳ್ಳುವಷ್ಟು ಏರುವುದಿಲ್ಲ. ಆಟ್‌ವಾಟರರ ಸಹಾಯಕರಾಗಿದ್ದ ಫ್ರಾನ್ಸಿಸ್ ಬೆನೆಡಿಕ್ಟ್ ಮುಂದೆ ಮಿಡಲ್‌ಟೌನ್‌ನಲ್ಲಿಯೇ ವಿದ್ಯಾರ್ಥಿಗಳನ್ನು ಒಳಗೆ ಕೂರಿಸಿ ಪರೀಕ್ಷೆಯನ್ನೇ ಬರೆಸಿ ನೋಡಿದರು. ಪರೀಕ್ಷೆ ಬರೆದು ಬಂದೆನೆಂದು ಎರಡು ಹೋಳಿಗೆ ಹೆಚ್ಚು ಕೇಳುವ ಹಕ್ಕು ಯಾರಿಗೂ ಇಲ್ಲ.

ಈ ದುಡಿಮೆಯ ಸಾರವಾಗಿ ಬಂದದ್ದು ಮೂರು ಅಂಕಿ. ಪ್ರೋಟೀನು ಗ್ರಾಮಿಗೆ 4, ಕೊಬ್ಬು 9, ಶರ್ಕರಪಿಷ್ಟ 4. ಸುಟ್ಟರೆ ಇವು ಇನ್ನೂ ತುಸು ಹೆಚ್ಚು ಶಾಖ ಕೊಡುತ್ತವೆ. ಜೀರ್ಣವಾಗದೆ ಹೋದದ್ದನ್ನೂ ಮೂತ್ರದಲ್ಲಿ ಹೋದದ್ದನ್ನೂ ಕಳೆದು ದೇಹಕ್ಕೆ ದಕ್ಕುವುದನ್ನು ಮಾತ್ರ ಹಿಡಿದರೆ ಈ ದುಂಡು ಅಂಕಿಗಳು. 1896ರಲ್ಲಿ ಅಮೆರಿಕದ ಕೃಷಿ ಇಲಾಖೆಯಿಂದ ಅವರ ಆಹಾರ ಕೋಷ್ಟಕ ಪ್ರಕಟವಾಯಿತು.

ಆ ಅಂಕಿಗಳು ಸಮುದ್ರ ದಾಟಿ ನಮ್ಮ ರೊಟ್ಟಿಗೆ ಬಂದ ದಾರಿಯೂ ಇದೆ. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಕಟ್ಟಿದ್ದ ಪೌಷ್ಟಿಕ ಪ್ರಯೋಗಶಾಲೆಗೆ 1935ರಲ್ಲಿ ವ್ಯಾಲೇಸ್ ಐಕ್ರಾಯ್ಡ್ ನಿರ್ದೇಶಕರಾಗಿ ಬಂದು, ಭಾರತದ ಆಹಾರಗಳ ಪೌಷ್ಟಿಕ ಮೌಲ್ಯದ ಕೈಪಿಡಿ ಹೊರತಂದರು. ಆ ಪ್ರಯೋಗಶಾಲೆ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರವಾಗಿ ಇಂದು ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಎನಿಸಿದೆ. ಡಾ. ಗೋಪಾಲನ್ ಮತ್ತು ಸಂಗಡಿಗರು 1971ರಲ್ಲಿ ಅಲ್ಲಿಂದ ಪ್ರಕಟಿಸಿದ ಪುಸ್ತಕದ ಒಂದು ಪ್ರತಿ ನನ್ನ ಬಳಿ ಇದೆ. ಅದರಲ್ಲಿ 100 ಗ್ರಾಂ ಜೋಳಕ್ಕೆ ಪ್ರೋಟೀನು 10.4, ಕೊಬ್ಬು 1.9, ಶರ್ಕರಪಿಷ್ಟ 72.6 ಗ್ರಾಂ, ಶಕ್ತಿ 349 ಕ್ಯಾಲೊರಿ. ಒಂದು ರವಿವಾರ ಸುಮ್ಮನೆ ಕಾಗದ ತೆಗೆದುಕೊಂಡು ಗುಣಿಸಿದೆ. 41.6, 17.1, 290.4. ಕೂಡಿದರೆ 349.1. ನಮ್ಮ ತೊಗರಿ ಬ್ಯಾಳಿ ನೋಡಿದೆ: 22.3, 1.7, 57.6. ಲೆಕ್ಕ 334.9, ಪುಸ್ತಕ 335. ಕಮಲಾಪುರದವರು ಹೆಮ್ಮೆಪಡುವ ಬಾಳೆಹಣ್ಣಿನ ಸಾಲಿಗೆ ಬಂದೆ (ಪುಸ್ತಕದಲ್ಲಿರುವುದು ಸಾಧಾರಣ ಬಾಳೆ, ನಮ್ಮ ಕೆಂಪು ಬಾಳೆಯಲ್ಲ): 116, ಅದೂ ಸರಿಹೋಯಿತು. ಅಂದು ನನಗೆ ಆದ ಸಂತೋಷ ಹೇಳತೀರದು. ಮಿಡಲ್‌ಟೌನಿನ ನೆಲಮಾಳಿಗೆಯಲ್ಲಿ ಸೈಕಲ್ ತುಳಿದ ಹುಡುಗನ ಉಸಿರು ಜಗತ್ ಬಡಾವಣೆಯ ನನ್ನ ಮನೆಯ ರೊಟ್ಟಿಯ ಬುಟ್ಟಿಯವರೆಗೆ ಬಂದಿತ್ತು.

ಇನ್ನೂ ಹತ್ತಿರಕ್ಕೆ ಬಂದರೆ ಬಿಸಿಯೂಟವಿದೆ. ಅಕ್ಷರ ದಾಸೋಹ 2002ರಲ್ಲಿ ಮೊದಲು ಆರಂಭವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಹಿರಿಯ ಪ್ರಾಥಮಿಕ ಶಾಲೆಯ ಮಗುವಿಗೆ ಮಧ್ಯಾಹ್ನದ ಊಟದಲ್ಲಿ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು ಸಿಗಬೇಕೆಂಬ ನಿಯಮವಿದೆಯಲ್ಲ, ಆ 700 ಕೂಡ ಇದೇ ಗುಣಾಕಾರದಿಂದ ಬಂದದ್ದು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕ್ಯಾಲೊರಿ ಎಂದರೆ ತೆಳ್ಳಗಾಗುವವರ ಮಾತು ಎಂದು ಇಂದು ಎಲ್ಲರೂ ತಿಳಿದಿದ್ದಾರೆ. ಆಟ್‌ವಾಟರ್ ಅದನ್ನು ಅಳೆದದ್ದು ಬಡವರ ಹೊಟ್ಟೆಗಾಗಿ. ದುಡಿದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಊಟಕ್ಕೇ ಸುರಿಯುವ ಕೂಲಿಕಾರರು ಕಡಿಮೆ ಖರ್ಚಿನಲ್ಲಿ ಹೆಚ್ಚು ಶಕ್ತಿ ಹೇಗೆ ಪಡೆಯಬಹುದೆಂಬುದೇ ಅವರ ಚಿಂತೆ. ನಗರದ ಬಡಕುಟುಂಬಗಳು, ಅಲಬಾಮಾದ ಕಪ್ಪುಜನಾಂಗದ ರೈತರು, ಹೀಗೆ ಮನೆಮನೆಯ ಊಟವನ್ನು ತೂಗಿಸಿ ಬರೆಸಿದರು. ಸಾಧಾರಣ ಮೈಗೆಲಸ ಮಾಡುವ ಗಂಡಸಿಗೆ ದಿನಕ್ಕೆ 3,500 ಕ್ಯಾಲೊರಿ ಬೇಕೆಂದರು. ಜೊತೆಗೆ, ಕುಳಿತು ಉಣ್ಣುವ ಅನುಕೂಲಸ್ಥರು ಕೊಬ್ಬು ಸಕ್ಕರೆ ಅತಿಯಾಗಿ ತಿಂದು ವ್ಯಾಯಾಮ ಮರೆತಿದ್ದಾರೆಂದು ಎಚ್ಚರಿಸುವುದನ್ನೂ ಬಿಡಲಿಲ್ಲ.

ಅವರು ಎಡವಿದ್ದೂ ಇಲ್ಲಿಯೇ. ಕಾಸಿಗೆ ಎಷ್ಟು ಕ್ಯಾಲೊರಿ ಎಂದು ನೋಡಿದರೆ ಹಿಟ್ಟು, ಕಾಳು, ಆಲೂಗಡ್ಡೆ ಗೆಲ್ಲುತ್ತವೆ. ಸೊಪ್ಪು, ಕಿತ್ತಳೆ ಸೋಲುತ್ತವೆ. ಆದ್ದರಿಂದ ಬಡವರು ಸೊಪ್ಪು ಹಣ್ಣಿಗೆ ಹಣ ಹಾಕುವುದು ನಷ್ಟವೆಂದು ಅವರು ಬಗೆದರು. ವಿಟಮಿನ್ ಎಂಬ ಹೆಸರು ಹುಟ್ಟಿದ್ದೇ 1912ರಲ್ಲಿ, ಅವರು ತೀರಿಕೊಂಡ ಮೇಲೆ. ಅವರ ಪೆಟ್ಟಿಗೆ ಶಾಖವನ್ನು ಹಿಡಿಯಬಲ್ಲದಾಗಿತ್ತು, ಸೊಪ್ಪಿನಲ್ಲಿ ಶಾಖವಲ್ಲದ ಬೇರೇನೋ ಇದೆಯೆಂಬುದನ್ನು ಹಿಡಿಯಲಾರದಾಗಿತ್ತು. ನಮ್ಮ ಅವ್ವ ಒಂದಕ್ಷರ ಓದಿದವಳಲ್ಲ. ಪುಂಡಿಪಲ್ಯ ಇಲ್ಲದೆ ರೊಟ್ಟಿ ಬಡಿಯುತ್ತಿರಲಿಲ್ಲ, ಎಳ್ಳಮಾವಾಸ್ಯೆಯ ಭಜ್ಜಿಗೆ ಹೊಲದಲ್ಲಿ ಸಿಕ್ಕ ಸೊಪ್ಪುಗಳನ್ನೆಲ್ಲ ಹಾಕುತ್ತಿದ್ದಳು. ಅವಳನ್ನು ಆಟ್‌ವಾಟರರಿಗಿಂತ ದೊಡ್ಡವಳೆಂದು ಹೇಳಲು ನಾನು ಹೊರಟಿಲ್ಲ. ಆದರೆ ಈ ವಿಷಯದಲ್ಲಿ ಅವಳ ಕಡೆಯೇ ನಾನು.

ಇನ್ನೊಂದು ಜಗಳ ಅವರ ಜೀವ ಹಿಂಡಿತು. ಪೆಟ್ಟಿಗೆಯಲ್ಲಿ ಕುಳಿತವನಿಗೆ ಮದ್ಯಸಾರ ಕೊಟ್ಟು ನೋಡಿದಾಗ ಅದೂ ದೇಹದಲ್ಲಿ ಉರಿದು ಶಾಖ ಕೊಡುವುದು ಕಂಡಿತು. ಗ್ರಾಮಿಗೆ ಸುಮಾರು 7 ಕ್ಯಾಲೊರಿ. ಸುಮಾರು 1899ರ ಹೊತ್ತಿಗೆ ಇದು ಬಯಲಾಗುತ್ತಲೇ ಪಾನನಿರೋಧ ಚಳವಳಿಯವರು ಸಿಡಿದೆದ್ದರು. ಮದ್ಯದಿಂದ ದೇಹಕ್ಕೆ ಎಳ್ಳಷ್ಟೂ ಶಕ್ತಿ ಸಿಗುವುದಿಲ್ಲವೆಂದು ಶಾಲಾ ಪುಸ್ತಕಗಳಲ್ಲಿ ಪಾಠ ಮಾಡಿಸುತ್ತಿದ್ದವರು ಅವರು. ಅತ್ತ ಹೆಂಡದ ವ್ಯಾಪಾರಿಗಳು ಅದನ್ನೇ ಜಾಹೀರಾತು ಮಾಡಿಕೊಂಡರು. ಪಾದ್ರಿಯ ಮಗನಿಗೆ ಎರಡೂ ಕಡೆಯ ಪೆಟ್ಟು. ಸುಳ್ಳು ಹೇಳಿ ಒಳ್ಳೆಯ ಅಭ್ಯಾಸ ಕಲಿಸಬಾರದೆಂಬ ನಿಲುವಿನಿಂದ ಅವರು ಕದಲಲಿಲ್ಲ. ಮಾಸ್ತರಿಕೆ ಮಾಡುವವರು ಈ ಒಂದು ಕಾರಣಕ್ಕಾದರೂ ಅವರನ್ನು ನೆನೆಯಬೇಕೆಂದು ನನ್ನ ಅಭಿಪ್ರಾಯ.

ಇನ್ನು ನನ್ನ ಹೊಟ್ಟೆಯ ವಿಷಯ. ಜಗತ್‌ನಿಂದ ಕಮಲಾಪುರಕ್ಕೆ ದಿನವೂ ಬಸ್ಸಿನಲ್ಲಿ ಕುಳಿತು ಹೋಗಿ ಬರುತ್ತಿದ್ದ ವರ್ಷಗಳಲ್ಲಿ 64 ಕಿಲೋ ಇದ್ದವನು 83ಕ್ಕೆ ಏರಿದೆ. ಎತ್ತರ ಐದಡಿ ಐದು ಅಂಗುಲ. ಐವತ್ತೊಂದನೆಯ ವಯಸ್ಸಿಗೆ ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದಿದೆಯೆಂದು ವೈದ್ಯರು ಹೇಳಿದರು. ಅಂದಿನಿಂದ ರೊಟ್ಟಿ ಬಿಟ್ಟೆ, ಬರೀ ಹಣ್ಣು ತಿಂದೆ, ಸಕ್ಕರೆ ಇಲ್ಲವೆಂದು ಬರೆದಿದ್ದ ಬಿಸ್ಕೀಟು ತಿಂದೆ. ಎರಡು ತಿಂಗಳಲ್ಲಿ ಆರು ಕಿಲೋ ಇಳಿದೆ, ಎಂಟು ತಿಂಗಳಲ್ಲಿ ಏಳು ಕಿಲೋ ಏರಿದೆ. ಆ ಗುಣಾಕಾರ ಕೂಡಿಬಂದ ರವಿವಾರದ ನಂತರವೇ ನನಗೆ ಬುದ್ಧಿ ಬಂದದ್ದು: ಬೇರೆಯವರ ಊಟವನ್ನು ತೂಗುವ ಪಾಠ ಹೇಳುತ್ತ ನನ್ನದನ್ನು ಒಮ್ಮೆಯೂ ತೂಗಿರಲಿಲ್ಲ.

ಹದಿನೈದು ದಿನ ತಕ್ಕಡಿ ಇಟ್ಟುಕೊಂಡು ಕುಳಿತೆ. ನಮ್ಮ ಮನೆಯ ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು, 175 ಕ್ಯಾಲೊರಿ. ಮೂರು ರೊಟ್ಟಿ ತಿಂದರೂ 525. ರೊಟ್ಟಿ ಆರೋಪಿಯಲ್ಲ. ಆಮೇಲೆ ಚಹಾ. ದಿನಕ್ಕೆ ಐದು ಕಪ್ಪು, ಕಪ್ಪಿಗೆ 10 ಗ್ರಾಂ ಸಕ್ಕರೆ. ಸಕ್ಕರೆಯೇ 200 ಕ್ಯಾಲೊರಿ. ಸಂಜೆ ಬಸ್ಸಿಳಿದು ಜಗತ್ ವೃತ್ತದ ಕಡೆ ಬರುವಾಗ ಸುಸಲಾ, ಮಿರ್ಚಿ. ಮಿರ್ಚಿಯನ್ನು ಅಳೆಯಲು ಮನೆಯಲ್ಲಿ ಎಂಟು ಕರಿಸಿ, ಬಾಣಲೆಯ ಎಣ್ಣೆಯನ್ನು ಮೊದಲೂ ಆಮೇಲೂ ತೂಗಿದೆ. ಮನೆಯವರು ನನಗೆ ತಲೆ ಕೆಟ್ಟಿದೆಯೆಂದರು. ಎಣ್ಣೆ 70 ಗ್ರಾಂ ಕಡಿಮೆಯಾಗಿತ್ತು. ಒಂಬತ್ತರಿಂದ ಗುಣಿಸಿದರೆ 630. ನಾಲ್ಕು ಮಿರ್ಚಿ ತಿಂದರೆ ಕಡಲೆಹಿಟ್ಟು ಬಿಟ್ಟು ಎಣ್ಣೆಯೇ 315, ಎರಡು ರೊಟ್ಟಿಗೆ ಸ್ವಲ್ಪ ಕಡಿಮೆ. ನನ್ನಂಥವನು ಅಪ್ಪನ ಕೆರೆಯ ದಂಡೆಯಲ್ಲಿ ಒಂದು ತಾಸು ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 250ರಿಂದ 300. ನಡೆದು ಬಂದೆನೆಂದು ಮಿರ್ಚಿ ತಿಂದರೆ ಲೆಕ್ಕ ಅಲ್ಲಿಗೇ ಮುಗಿಯಿತು. ನಡಿಗೆ ಬೇಡವೆಂದಲ್ಲ, ಸಕ್ಕರೆ ಕಾಯಿಲೆಗೂ ಹೃದಯಕ್ಕೂ ಅದು ಬೇಕೇ ಬೇಕು. ತೂಕ ಇಳಿಸುವ ಭಾರವನ್ನೆಲ್ಲ ಅದರ ತಲೆಯ ಮೇಲೆ ಹೊರಿಸಿದ್ದು ನನ್ನ ತಪ್ಪು.

ಒಂದು ಕಿಲೋ ಮೈಕೊಬ್ಬಿಗೆ ಸುಮಾರು 7,700 ಕ್ಯಾಲೊರಿ ಎನ್ನುತ್ತಾರೆ. ದಿನಕ್ಕೆ 200 ಉಳಿತಾಯವಾದರೆ ವರ್ಷಕ್ಕೆ ಒಂಬತ್ತೂವರೆ ಕಿಲೋ ಇಳಿಯಬೇಕು. ಕಾಗದದ ಮೇಲೆ ಹೌದು. ಮೈ ಹಗುರವಾದಂತೆ ಖರ್ಚೂ ಕಡಿಮೆಯಾಗುತ್ತದೆ, ಆದ್ದರಿಂದ ಇಳಿಕೆ ನಿಧಾನವಾಗಿ ಒಂದು ಕಡೆ ನಿಂತುಬಿಡುತ್ತದೆ. ಅಲ್ಲಿ ನಿರಾಶರಾಗಿಯೇ ಎಲ್ಲರೂ ಬಿಡುವುದು. ಅಂಕಿಗಳೂ ಕಲ್ಲಿನ ಮೇಲೆ ಬರೆದವಲ್ಲ. 28 ಗ್ರಾಂ ಬಾದಾಮಿಗೆ ಆಟ್‌ವಾಟರ್ ಲೆಕ್ಕ 170. ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರೇ 2012ರಲ್ಲಿ ಮನುಷ್ಯರಿಗೆ ತಿನ್ನಿಸಿ ನೋಡಿದಾಗ ದಕ್ಕಿದ್ದು 129. ನಾನು ಚಹಾ ಎರಡಕ್ಕೆ ಇಳಿಸಿದೆ, ಸಕ್ಕರೆ ಚಿಟಿಕೆಗೆ ತಂದೆ, ಮಿರ್ಚಿಯನ್ನು ಅಮಾವಾಸ್ಯೆ ಹುಣ್ಣಿಮೆಗೆ ಇಟ್ಟೆ, ರೊಟ್ಟಿ ಎರಡು, ಪಲ್ಯ ಬ್ಯಾಳಿ ಹೆಚ್ಚು. ಹದಿನಾಲ್ಕು ತಿಂಗಳಲ್ಲಿ 74ಕ್ಕೆ ಬಂದು ಅಲ್ಲಿಯೇ ನಿಂತಿದ್ದೇನೆ. ಸಕ್ಕರೆ ಇನ್ನೂ ಹೊಸ್ತಿಲಿನಾಚೆಯೇ ಇದೆ.

ಈ ಹುಮ್ಮಸ್ಸಿನಲ್ಲಿ ಒಂದು ತಪ್ಪು ಮಾಡಿದೆ. ಅದು ಈ ಶಾಲೆಯಲ್ಲಲ್ಲ, ಆಮೇಲೆ ವರ್ಗವಾಗಿ ಹೋದ ಬೇರೊಂದು ಊರಿನಲ್ಲಿ. ತರಗತಿಯ ಗೋಡೆಗೆ ಕ್ಯಾಲೊರಿ ಕೋಷ್ಟಕ ಅಂಟಿಸಿ, ಯಾರ ತೂಕ ಎಷ್ಟು, ಯಾರು ಕಡಿಮೆ ಮಾಡಬೇಕು ಎಂದು ತಮಾಷೆ ಮಾಡುತ್ತ ಪಾಠ ಹೇಳಿದೆ. ಮೈಕೈ ತುಂಬಿಕೊಂಡಿದ್ದ ಒಬ್ಬ ಹುಡುಗಿ ಅದನ್ನು ಮನಸ್ಸಿಗೆ ಹಚ್ಚಿಕೊಂಡಳು. ಬೆಳಿಗ್ಗೆ ಉಣ್ಣುವುದನ್ನು ಬಿಟ್ಟಳು, ಬಿಸಿಯೂಟದ ತಟ್ಟೆಯನ್ನು ಗೆಳತಿಯರಿಗೆ ಸರಿಸಿದಳು. ಒಂದು ದಿನ ಪ್ರಾರ್ಥನೆಯ ಸಾಲಿನಲ್ಲಿ ಕುಸಿದು ಬಿದ್ದಳು. ಅವಳ ತಾಯಿ ಹೊಲದ ಕೆಲಸ ಬಿಟ್ಟು ಓಡಿ ಬಂದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮಗಳಿಗೆ ಏನು ಕಡಿಮೆಯಾಯಿತು ಸರ್ ಎಂದಷ್ಟೇ ಕೇಳಿದರು. ಬೆಳೆಯುವ ಮಗುವಿಗೆ ಬೇಕಾದದ್ದನ್ನು ಕಿತ್ತುಕೊಂಡವನು ಎದುರಿಗೇ ನಿಂತಿದ್ದೇನೆಂದು ಹೇಳುವ ಧೈರ್ಯ ನನಗಾಗಲಿಲ್ಲ. ಕೋಷ್ಟಕ ಅಂದೇ ಕಿತ್ತೆ. ಅದೇ ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳು ಮನೆಯಲ್ಲಿ ಹೊಟ್ಟೆ ತುಂಬ ಉಣ್ಣದೆ ಬರುವವರೆಂಬುದನ್ನೂ ನಾನು ಮರೆತಿದ್ದೆ. ಐವತ್ತು ದಾಟಿದ ಬಸ್ಸಿನ ಪ್ರಯಾಣಿಕನ ಲೆಕ್ಕ ಹದಿನಾಲ್ಕು ವರ್ಷದವಳ ಲೆಕ್ಕವಲ್ಲ.

ಕ್ಯಾಲೊರಿ ಹೀಗೆ ತೆಳ್ಳಗಾಗುವವರ ಕೈಗೆ ಹೋದದ್ದು ಆಟ್‌ವಾಟರ್ ತೀರಿಕೊಂಡ ಮೇಲೆ. ಲೂಲು ಹಂಟ್ ಪೀಟರ್ಸ್ ಎಂಬ ಲಾಸ್ ಏಂಜಲೀಸಿನ ವೈದ್ಯೆ, ತಾವೇ ದಪ್ಪಗಿದ್ದು ತೂಕ ಇಳಿಸಿಕೊಂಡವರು, 1918ರಲ್ಲಿ ಬರೆದ ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು. ದಿನಕ್ಕೆ 1,200 ಕ್ಯಾಲೊರಿ ಎಂಬ ಕಟ್ಟಳೆ ಅವರದು. ಇಂದಿಗೂ ಅನೇಕರು ಅದನ್ನು ಹಿಡಿದು ನರಳುತ್ತಾರೆ. ನಮ್ಮ ಹೈದರಾಬಾದಿನ ಸಂಸ್ಥೆ 2020ರಲ್ಲಿ ಕುಳಿತು ಕೆಲಸ ಮಾಡುವ 55 ಕಿಲೋ ತೂಕದ ಹೆಂಗಸಿಗೇ 1,660 ಬೇಕೆಂದಿದೆ.

ಆಟ್‌ವಾಟರ್ ಅದನ್ನೆಲ್ಲ ನೋಡಲಿಲ್ಲ. 1904ರಲ್ಲಿ ಪಾರ್ಶ್ವವಾಯು ಬಡಿಯಿತು. ಮುಂದಿನ ಮೂರು ವರ್ಷ ಕೆಲಸ ಮಾಡಲಾಗದೆ ಇದ್ದು, 1907ರ ಸೆಪ್ಟೆಂಬರ್ 22ರಂದು ಮಿಡಲ್‌ಟೌನಿನಲ್ಲಿ ತೀರಿಕೊಂಡರು. ವಯಸ್ಸು 63. ಬೆನೆಡಿಕ್ಟ್ ಬಾಸ್ಟನ್ನಿನಲ್ಲಿ ಹೊಸ ಪೌಷ್ಟಿಕ ಪ್ರಯೋಗಶಾಲೆಯ ನಿರ್ದೇಶಕರಾಗಿ ಅದೇ ಕೆಲಸ ಮುಂದುವರಿಸಿದರು.

ಮಗಳು ಹೆಲೆನ್ ಕೃಷಿ ಇಲಾಖೆಯನ್ನು ಸೇರಿ, ಗೃಹಿಣಿಯರಿಗಾಗಿ ಆಹಾರದ ಬಗ್ಗೆ ಬರೆಯುತ್ತಿದ್ದರು. 1917ರಲ್ಲಿ ಅವರೂ ಕ್ಯಾರೊಲಿನ್ ಹಂಟ್ ಅವರೂ ಸೇರಿ ಊಟವನ್ನು ಹೇಗೆ ಆರಿಸಿಕೊಳ್ಳಬೇಕೆಂಬ ಒಂದು ಚಿಕ್ಕ ಪುಸ್ತಿಕೆ ತಂದರು. ಅದರಲ್ಲಿ ಆಹಾರವನ್ನು ಐದು ಗುಂಪು ಮಾಡಿದ್ದಾರೆ. ಮಾಂಸ, ಕಾಳುಗಳ ಗುಂಪು ಎರಡನೆಯದು, ಧಾನ್ಯ ಮೂರನೆಯದು, ಸಿಹಿ ನಾಲ್ಕನೆಯದು, ಎಣ್ಣೆ ಬೆಣ್ಣೆ ಐದನೆಯದು. ತಂದೆ ದುಬಾರಿಯೆಂದು ಬದಿಗಿಟ್ಟಿದ್ದ ಹಣ್ಣು ತರಕಾರಿಯನ್ನು ಮಗಳು ಮೊದಲನೆಯ ಗುಂಪಾಗಿ ಬರೆದಿದ್ದಾಳೆ.